ಗುವಾಂಗ್‌ಝೌ ನಗರದಲ್ಲಿ ನಿಮ್ಮದೇ ನಾಲ್ಕು ದಿನ

“ಆಪಾ, ಅವರು ಹಗಲೆಲ್ಲಾ ಮೇಳದಲ್ಲಿರುತ್ತಾರೆ. ನಾನು ಹೋಟೆಲ್ ಕೋಣೆಯಲ್ಲಿ ಕುಳಿತು ಏನು ಮಾಡಲಿ?”

ಸಾಲಗಾಮೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆಯಿದು. ಪತಿಗೆ ಹಾಸನದಲ್ಲಿ ವ್ಯಾಪಾರ. ಚೀನಾದ ಗುವಾಂಗ್‌ಝೌ ನಗರದ ಮೇಳಕ್ಕೆ ಈ ಸಲ ಅವಳನ್ನೂ ಕರೆದೊಯ್ಯುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಅರ್ಧ ಭಾಗ ಅವಲಕ್ಕಿ, ಉಪ್ಪಿನಕಾಯಿ, ಜೊತೆಗೊಂದು ಪುಟ್ಟ ಕುಕ್ಕರ್! ಅಲ್ಲಿಯೂ ಅಡುಗೆಯೇ ಮಾಡುವುದಾದರೆ ಪ್ರವಾಸವೇಕೆ ಸಹೋದರಿಯರೇ?

1957ರಲ್ಲಿ ಆರಂಭವಾದ ಈ ಮೇಳ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ಮಧ್ಯದಲ್ಲಿ ಶುರುವಾಗುತ್ತದೆ. ಆಗ ಕೋಣೆ ಬಾಡಿಗೆ ಏರುತ್ತದೆ. ಮೇಳ ಮುಗಿದ ಮೇಲೆ ನಾಲ್ಕು ದಿನ ಉಳಿಯುವಂತೆ ಪತಿಯನ್ನು ಒಪ್ಪಿಸು ಎಂದೆ. ಏಪ್ರಿಲ್‌ನಲ್ಲಿ ಅಲ್ಲಿ ಮಳೆ, ಸೆಕೆ. ಅಕ್ಟೋಬರ್ ಕೊನೆಯ ಹವೆ ಹಿತ. 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಿಂದ ಮತ್ತೆ ಆರಂಭವಾದವು.

ಮೊದಲು ನಮಾಝ್. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಡಬೇಕು. ಹದಿನೈದು ದಿನಕ್ಕಿಂತ ಕಡಿಮೆ ತಂಗುವ ನಿಯ್ಯತ್ ಇದ್ದರೆ ಹನಫಿಗಳಿಗೆ ಖಸ್ರ್. ಶಾಫಿಗಳ ಅವಧಿ ಇದಕ್ಕಿಂತ ಚಿಕ್ಕದು. ಕಿಬ್ಲಾ ಅಲ್ಲಿಯೂ ಪಶ್ಚಿಮದ ಕಡೆಗೇ. ಊಟದಂಗಡಿಯ ಮೇಲೆ ‘ಚಿಂಗ್‌ಝೆನ್’ ಎಂಬ ಎರಡು ಚೀನೀ ಅಕ್ಷರಗಳಿದ್ದರೆ ಅದು ಹಲಾಲ್ ಅಂಗಡಿ. ಅವುಗಳನ್ನು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.

ಒಂದು ಬೆಳಗ್ಗೆ ಯುಯೆಶಿಯು ಉದ್ಯಾನ. ಅಲ್ಲಿ ಐದು ಟಗರುಗಳ ಶಿಲ್ಪವಿದೆ, 1380ರಲ್ಲಿ ಕಟ್ಟಿದ ಬುರುಜಿದೆ. ಅಲ್ಲಿಂದ ಸಮೀಪವೇ ಸಹಾಬಿ ಸಅದ್ ಬಿನ್ ಅಬೀ ವಖ್ಖಾಸ್(ರ)ರದೆಂದು ಸ್ಥಳೀಯರು ನಂಬುವ ಸಮಾಧಿ ಇದೆ. ನಮ್ಮ ಚರಿತ್ರೆ ಗ್ರಂಥಗಳ ಪ್ರಕಾರ ಅವರು ದಫನವಾದದ್ದು ಮದೀನಾದಲ್ಲಿ. ಗೌರವವಿರಲಿ, ಆದರೆ ಕೇಳಿದ್ದೆಲ್ಲವನ್ನೂ ಊರಿಗೆ ಬಂದು ಹದೀಸ್‌ನಂತೆ ಹೇಳಬೇಡಿ! ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಬೇಕೆಂಬ ಪ್ರಸಿದ್ಧ ಮಾತನ್ನೂ ಹದೀಸ್ ವಿದ್ವಾಂಸರು ದುರ್ಬಲವೆಂದೇ ಗುರುತಿಸಿದ್ದಾರೆ.

ಮೆಟ್ರೋದಲ್ಲಿ ಶಿಮೆನ್‌ಕೌ ನಿಲ್ದಾಣಕ್ಕೆ ಹೋದರೆ ಹುವಾಯ್‌ಶೆಂಗ್ ಮಸೀದಿ ಹತ್ತಿರ. ಅದರ ದುಂಡನೆಯ ಮಿನಾರಕ್ಕೆ ‘ಬೆಳಕಿನ ಗೋಪುರ’ವೆಂದು ಹೆಸರು, ಎತ್ತರ ಸುಮಾರು 36 ಮೀಟರ್. ಹಿಂದೆ ಹಡಗುಗಳಿಗೆ ಅದೇ ದಾರಿದೀಪವಾಗಿತ್ತಂತೆ. ಸ್ತ್ರೀಯರ ನಮಾಝಿನ ಜಾಗವನ್ನು ಮೊದಲೇ ವಿಚಾರಿಸಿಕೊಳ್ಳಿ. ಸಂಜೆ ಪರ್ಲ್ ನದಿಯಲ್ಲಿ ದೋಣಿ ವಿಹಾರವಿದೆ. 600 ಮೀಟರ್ ಎತ್ತರದ ಕ್ಯಾಂಟನ್ ಗೋಪುರದ ದೀಪಗಳು ದೋಣಿಯಿಂದಲೇ ಕಾಣುತ್ತವೆ.

ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರವನ್ನು ನೋಡಿ, ಮುಂದೆ ಈ ನಗರಕ್ಕೂ ಹೋದುದಾಗಿ ಬರೆದಿದ್ದಾನೆ. ಹೊನ್ನಾವರದಲ್ಲಿ ಅವನ ಗಮನ ಸೆಳೆದದ್ದು ಕುರ್‌ಆನ್ ಕಂಠಪಾಠ ಮಾಡಿದ ಹೆಂಗಸರು, ಹೆಣ್ಣುಮಕ್ಕಳ 13 ಮದ್ರಸಗಳು. ಇದನ್ನು ಕೇಳಿ ನನ್ನ ವಿದ್ಯಾರ್ಥಿನಿ, “ಹಾಗಾದರೆ ನಾನೂ ಒಂದು ನೋಟ್‌ಬುಕ್ ಒಯ್ಯುತ್ತೇನೆ” ಎಂದಳು.

ಜಾಗ ಮಾಡಲು ಕುಕ್ಕರ್ ಹೊರಗೆ ಬಂತು. ಉಪ್ಪಿನಕಾಯಿ ಮಾತ್ರ ಅಲ್ಲೇ ಉಳಿಯಿತು.