ಗೋಡೆ ಹಸಿಯಾಗಿದೆಯೇ? ಮೊದಲು ನೀರಿನ ದಾರಿ ಹುಡುಕಿ



ನಮ್ಮಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಗೋವಾಕ್ಕೆ ಬಂದವರು. ವಿಜಯಪುರದ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಗೋವಾದಲ್ಲಿ ಸುಮಾರು 3000 ಮಿಲಿಮೀಟರ್! ಅಂದರೆ ಅಲ್ಲಿ ಐದು ವರ್ಷಕ್ಕೆ ಬೀಳುವ ಮಳೆ ಇಲ್ಲಿ ಒಂದೇ ವರ್ಷಕ್ಕೆ ಬೀಳ್ತದೆ. ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಊರಲ್ಲಿ ಹಿರಿಯರು ಮಳೆಗಾಲಕ್ಕೆ ಮುಂಚೆಯೇ ಮಾಳಿಗೆಗೆ ಮಣ್ಣು ಹಾಕಿಸ್ತಿದ್ದರು. ಇಲ್ಲಿಯೂ ಮೇ ತಿಂಗಳೊಳಗೆ ಮನೆ ಸಜ್ಜಾಗಬೇಕು.

ಗೋಡೆಗೆ ಕಲೆ ಬಿದ್ದ ಕೂಡಲೇ ಕೆಲವರು ಬಣ್ಣ ಬಳಿಸ್ತಾರೆ. ಮುಂದಿನ ಮಳೆಗೆ ಬಣ್ಣ ಉದುರ್ತದೆ. ಹಣವೂ ಹೋಯ್ತು, ಹಸಿಯೂ ಉಳೀತು. ಯಾಕೆ? ನೀರಿನ ದಾರಿ ಮುಚ್ಚಿಲ್ಲ.

ಪೆನ್ಸಿಲ್ ತಗೊಂಡು ಕಲೆಯ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಈಗ ನಿಮಗೆ ಬರೆಯಲು ಬರ್ತದಲ್ಲ! ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ಅದು ಮಳೆ ನೀರು. ಮಳೆ ಇಲ್ಲದ ದಿನವೂ ಬೆಳೆದರೆ ನಳದ ನೀರು ಇರಬಹುದು.

ನೀರು ಬರುವ ದಾರಿ ನಾಲ್ಕು.

1. ಮೇಲಿನಿಂದ: ಹಂಚಿನ ಮನೆಯಲ್ಲಿ ನೀರು ಮರದ ಗುಂಟ ಇಳಿದು ಬೇರೆ ಕಡೆ ಬೀಳ್ತದೆ. ಆದ್ದರಿಂದ ಒಡೆದ ಹಂಚನ್ನು ಇನ್ನೂ ಮೇಲೆ ಹುಡುಕಿ. ತಗಡಿನ ಮನೆಯಾದರೆ ಮೊಳೆಯ ವಾಶರ್ ನೋಡಿ. ತಾರಸಿಯಾದರೆ ನೀರು ಹೋಗುವ ಪೈಪಿನ ಬಾಯಿಯ ಕಸ ತೆಗೆಯಿರಿ. ಬಿರುಕನ್ನು ಬಿಸಿಲಿನ ದಿನಗಳಲ್ಲೇ ಮುಚ್ಚಿಸಿ. ಒದ್ದೆ ಮಾಡಿನ ಮೇಲೆ ಹತ್ತಬೇಡಿ, ಕಾಲು ಜಾರ್ತದೆ.

2. ಬದಿಯಿಂದ: ಇಲ್ಲಿ ಮಳೆ ಗಾಳಿಯ ಜತೆ ಪಶ್ಚಿಮದ ಕಡೆಯಿಂದ ಹೊಡೀತದೆ. ಗೋವಾದ ಬಹಳ ಗೋಡೆಗಳು ಕೆಂಪು ಚಿರೆಕಲ್ಲಿನವು. ಆ ಕಲ್ಲಿನಲ್ಲಿ ಸಣ್ಣ ತೂತು ಬಹಳ, ಅದು ನೀರು ಹೀರ್ತದೆ. ಇಲ್ಲಿನ ಹಿಂದಿನ ಜನ ಹೆಣೆದ ತೆಂಗಿನ ಗರಿ ಕಟ್ಟುತ್ತಿದ್ದರು. ನೀವು ತಾಡಪತ್ರಿ ಕಟ್ಟಬಹುದು. ಆದರೆ ಗೋಡೆಗೆ ಅಂಟಿಸಬೇಡಿ. ನಡುವೆ ಒಂದು ಗೇಣು ಗಾಳಿ ಆಡಲಿ.

3. ನೆಲದಿಂದ: ಗೋಡೆಯ ಕೆಳಭಾಗ ಮಾತ್ರ ಹಸಿಯಾಗಿ, ಬಿಳಿ ಉಪ್ಪಿನ ಪುಡಿ ಕಾಣಿಸಿದರೆ ನೀರು ನೆಲದಿಂದ ಏರುತ್ತಿದೆ. ಹೊರಗೆ ಗೋಡೆಗೆ ಒತ್ತಿದ ಮಣ್ಣು ತೆಗೆಯಿರಿ. ನೀರು ದೂರ ಹರಿಯಲು ಕಾಲುವೆ ಮಾಡಿ. ಬರೀ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿ ಇನ್ನೂ ಮೇಲಕ್ಕೆ ಏರ್ತದೆ.

4. ನಳದಿಂದ: ರಾತ್ರಿ ಟಾಕಿ ತುಂಬಿದ ಮೇಲೆ ಎಲ್ಲ ನಳ ಬಂದ್ ಮಾಡಿ. ಮೀಟರಿನ ಅಂಕಿ ಬರೆದಿಡಿ. ಬೆಳಿಗ್ಗೆ ನೀರು ಬಳಸುವ ಮೊದಲು ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರ್ತಿದೆ.

ಜೀವಕ್ಕೆ ಅಪಾಯ, ಎಚ್ಚರ!

ಸ್ವಿಚ್ ಬೋರ್ಡಿನ ಹತ್ತಿರ ಗೋಡೆ ಹಸಿಯಾದರೆ ಅದನ್ನು ಮುಟ್ಟಬೇಡಿ. ಮೇನ್ ಸ್ವಿಚ್ ಒಣಗಿದ್ದರೆ ಮಾತ್ರ, ಒಣ ಕೈಯಿಂದ, ಚಪ್ಪಲಿ ಹಾಕಿಕೊಂಡು ಅದನ್ನು ಆರಿಸಿ. ಆಮೇಲೆ ಲೈಟಿನ ಕೆಲಸದವರನ್ನು ಕರೆಸಿ. ಗೋಡೆ ಉಬ್ಬಿದರೆ, ಹೊಸ ಬಿರುಕು ಬಿಟ್ಟರೆ ಅದರ ಬಳಿ ಮಲಗಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.

ಕಪ್ಪು ಬೂಷ್ಟಿನಿಂದ ಮಕ್ಕಳಿಗೆ ಕೆಮ್ಮು, ಉಬ್ಬಸ ಹೆಚ್ಚಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಿನಿಂದ ಒರೆಸಿ. ಮಳೆ ನಿಂತಾಗ ಕಿಟಕಿ ತೆರೆಯಿರಿ.

ಬಾಡಿಗೆ ಮನೆಯೇ? ಮೇ ತಿಂಗಳಲ್ಲೇ ಮಾಲೀಕರಿಗೆ ಹೇಳಿ. ಎಲ್ಲಿ ಸೋರ್ತದೆ ಎಂದು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದು ಕೊಡಿ. ಬಾಯಿಮಾತು ಮರೆತು ಹೋಗ್ತದೆ, ಬರೆದದ್ದು ಉಳೀತದೆ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಶಾಲೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಅವು ನೆನೆದರೆ ಮತ್ತೆ ಮಾಡಿಸಲು ಎಷ್ಟು ದಿನದ ಕೂಲಿ ಹೋಗ್ತದೆ, ಯೋಚಿಸಿ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು. ಹಾಗೆಯೇ ಮಳೆ ಬಂದ ಮೇಲೆ ಮಾಡು ಹತ್ತಬಾರದು.

ಮಾಡಿ ನೋಡಿ: ಇವತ್ತು ನಿಮ್ಮ ಮನೆಯ ನಾಲ್ಕೂ ಗೋಡೆ ನೋಡಿ. ಕಲೆ ಎಲ್ಲಿದೆ? ನೀರು ಯಾವ ದಾರಿಯಿಂದ ಬಂತು? ಎರಡು ಸಾಲು ಬರೆದು ತನ್ನಿ.