ತೌಡು ಮತ್ತು ಮೊದಲ ಜೀವಸತ್ತ್ವೌಷಧಗಳು

ಜೀವಸತ್ತ್ವವೆಂದೊಡನೆ ಇಂದು ಗುಳಿಗೆಗಳು ನೆನಪಿಗೆ ಬರುವುವು. ಆದರೆ ಈ ಬಗೆಯ ಔಷಧಗಳಲ್ಲಿ ಮೊದಮೊದಲಿನ ಕೆಲವು ದನಗಳಿಗಿಡುವ ತೌಡಿನಿಂದ ಹುಟ್ಟಿದುವು. ಗಿರಣಿಯು ಅಕ್ಕಿಯಿಂದ ಕಳೆದುದನ್ನೇ ವೈದ್ಯರು ಸೀಸೆಯಲ್ಲಿ ತುಂಬಿ ರೋಗಿಗೆ ಹಿಂದಿರುಗಿಸಿದರು. ಆ ವಸ್ತುವಿನ ಸ್ವರೂಪವು ತಿಳಿದುದು ಬಹುಕಾಲದ ಮೇಲೆ.

ಹತ್ತೊಂಬತ್ತನೆಯ ಶತಮಾನದಲ್ಲಿ, ನಯಮಾಡಿದ ಬಿಳಿಯ ಅಕ್ಕಿಯೇ ಮುಖ್ಯಾಹಾರವಾಗಿದ್ದ ಪೂರ್ವದೇಶಗಳಲ್ಲಿ ಬೆರಿಬೆರಿ ರೋಗವು ಪ್ರಬಲವಾಗಿದ್ದಿತು. ಕಾಲುಗಳು ಜೋಮುಹಿಡಿದು ಸೋಲುವುದು, ಮೈ ಬಾಯುವುದು, ಕಡೆಗೆ ಹೃದಯವು ನಿಲ್ಲುವುದು ಇದರ ಲಕ್ಷಣಗಳು. ಬಟಾವಿಯಾದಲ್ಲಿದ್ದ ಡಚ್ ವೈದ್ಯನಾದ ಐಕ್‌ಮನ್ನನು, ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳಿಗೆ ಇಂತಹುದೇ ರೋಗವು ಬರುವುದನ್ನೂ ತೌಡಿನಿಂದ ಅದು ವಾಸಿಯಾಗುವುದನ್ನೂ 1890ರ ದಶಕದಲ್ಲಿ ಕಂಡನು. ಅಕ್ಕಿಯಲ್ಲಿ ವಿಷವಿದೆ, ತೌಡು ಅದನ್ನು ಶಮನಗೊಳಿಸುತ್ತದೆ ಎಂದು ಆತನು ಊಹಿಸಿದನು. ದೋಷವು ವಿಷದ್ದಲ್ಲ, ಅವಶ್ಯವಾದ ಒಂದು ವಸ್ತುವಿನ ಅಭಾವದ್ದು ಎಂದು 1901ರಲ್ಲಿ ಪ್ರತಿಪಾದಿಸಿದವನು ಆತನ ಉತ್ತರಾಧಿಕಾರಿಯಾದ ಗ್ರೈನ್ಸ್.

ಈ ಅಭಾವವನ್ನು ತುಂಬುವ ಯತ್ನಗಳು ಹಲವೆಡೆ ನಡೆದುವು. ಟೋಕಿಯೋದ ಸುಜುಕಿ ಉಮೇತಾರೋ 1910ರಲ್ಲಿ ತೌಡಿನ ಸಾರವನ್ನು ಬೇರ್ಪಡಿಸಿದನು. ಅದು ‘ಒರೈಜಾನಿನ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಬೆರಿಬೆರಿಯು ಸೋಂಕಿನ ರೋಗವೆಂದು ನಂಬಿದ್ದ ಅಲ್ಲಿಯ ಅನೇಕ ವೈದ್ಯರು ಅದನ್ನು ಬೇಗನೆ ಅಂಗೀಕರಿಸಲಿಲ್ಲ. ಲಂಡನ್ನಿನಲ್ಲಿ ಫಂಕನು 1912ರಲ್ಲಿ ‘ವಿಟಮೈನ್’ ಎಂಬ ಹೆಸರನ್ನಿಟ್ಟನು.

ಮನಿಲಾದಲ್ಲಿ ವಿಷಯವು ಇನ್ನೂ ತುರ್ತಾಗಿದ್ದಿತು. ತಾಯಿಯು ಬಿಳಿಯ ಅಕ್ಕಿಯನ್ನೇ ಉಂಡರೆ ಮೊಲೆಹಾಲಿನಲ್ಲಿ ಸತ್ತ್ವವು ಸಾಲದು. ಹಾಲೂಡುವ ಹಸುಳೆಯ ದನಿ ಅಡಗಿ, ಉಸಿರು ಕಟ್ಟಿ, ಅದು ಹಠಾತ್ತನೆ ಸಾಯುವುದು. ಅಮೆರಿಕದ ಸೈನ್ಯವೈದ್ಯನಾದ ವೆಡ್ಡರನೂ ಆತನ ಸಹೋದ್ಯೋಗಿಗಳೂ ತೌಡಿನ ಸಾರವನ್ನು ಇಂತಹ ಶಿಶುಗಳಿಗೆ ಕುಡಿಸಿದರು; ಅವು ಶೀಘ್ರವಾಗಿ ಚೇತರಿಸಿಕೊಂಡುವು. ಫಿಲಿಪ್ಪೀನಿನ ಜನರು ‘ಟಿಕಿಟಿಕಿ’ ಎಂದು ಬಲ್ಲ ಔಷಧವು ಇದೇ.

ವೆಡ್ಡರನ ಪ್ರೇರಣೆಯಿಂದ ಈ ವಸ್ತುವಿನ ಶೋಧನೆಗೆ ತೊಡಗಿದ ರಸಾಯನಜ್ಞನು, 1886ರಲ್ಲಿ ನೆಲ್ಲೂರಿನಲ್ಲಿ ಜನಿಸಿದ ರಾಬರ್ಟ್ ವಿಲಿಯಮ್ಸ್. ಶುದ್ಧವಾದ ಹರಳುಗಳನ್ನು 1926ರಲ್ಲಿ ಮೊದಲು ಪಡೆದವರು ಬಟಾವಿಯಾದ ಯಾನ್ಸೆನ್ ಮತ್ತು ಡೋನಾತ್. ಟನ್ನುಗಟ್ಟಲೆ ತೌಡಿನಿಂದ ದೊರೆಯುತ್ತಿದ್ದುದು ಕೆಲವೇ ಗ್ರಾಮುಗಳಾದ್ದರಿಂದ ಬಡವನಿಗೆ ಅದು ಎಟುಕುವಂತಿರಲಿಲ್ಲ. 1936ರಲ್ಲಿ ವಿಲಿಯಮ್ಸನು ಅದನ್ನು ಕೃತಕವಾಗಿ ರಚಿಸಿದ ಮೇಲೆ ಬೆಲೆಯು ಇಳಿಯಿತು. 1948ರಲ್ಲಿ ಫಿಲಿಪ್ಪೀನಿನ ಬಟಾನ್ ಪ್ರಾಂತದಲ್ಲಿ ಅದನ್ನು ಅಕ್ಕಿಗೇ ಬೆರಸಿ ಹಂಚುವ ಪ್ರಯೋಗವು ಆರಂಭವಾಯಿತು.

ಈ ಚರಿತ್ರೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಕನ್ನಡ ಕರಾವಳಿಯ ಕುಚ್ಚಲಕ್ಕಿಯಲ್ಲಿ, ಬತ್ತವನ್ನು ಮೊದಲೇ ಬೇಯಿಸುವುದರಿಂದ ಹೊರಪದರದ ಸತ್ತ್ವವು ಕಾಳಿನೊಳಕ್ಕೆ ಇಳಿಯುತ್ತದೆ; ಆಮೇಲೆ ಗಿರಣಿಗೆ ಹಾಕಿದರೂ ಬಹುಭಾಗವು ಉಳಿಯುತ್ತದೆ. ಪ್ರಯೋಗಶಾಲೆಯು ಐವತ್ತು ವರ್ಷ ಶ್ರಮಿಸಿ ಅನ್ನಕ್ಕೆ ಮರಳಿಸಿದುದನ್ನು ಈ ಹಳೆಯ ಪಾಕಕ್ರಮವು, ಹೆಸರನ್ನರಿಯದೆಯೇ, ಕಳೆಯದೆ ಕಾಯ್ದುಕೊಂಡಿದ್ದಿತು.