ಹಿಟ್ಟಿನ ಊರಿನಲ್ಲಿ ನಾರಿಲ್ಲದ ಪಥ್ಯ

‘ರಾಗಿ ತಿಂದವ ನಿರೋಗಿ’ ಎಂಬ ಮಾತನ್ನು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಈ ಸೀಮೆಯಲ್ಲಿ ರಾಗಿಮುದ್ದೆಗೆ ಬರಿಯ ‘ಹಿಟ್ಟು’ ಎಂದೇ ಹೆಸರು. ಹಿಟ್ಟು, ಅದಕ್ಕೆ ಹುರುಳಿಯದೋ ಅವರೆಯದೋ ಸಾರು, ಇಲ್ಲವೇ ಸೊಪ್ಪಿನ ಉಪ್ಪೆಸರು. ಅರಿಸಿನ, ಈರುಳ್ಳಿ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ. ಪೇಚಾಟ ಶುರುವಾಗುವುದು ಮನೆಯಲ್ಲೊಬ್ಬರಿಗೆ ಕರುಳಿನ ಕಾಯಿಲೆ ಬಂದಾಗ. ಆಸ್ಪತ್ರೆಯಿಂದ ಕಳುಹಿಸುವ ಹೊತ್ತಿಗೆ ವೈದ್ಯರು ‘ಕೆಲವು ವಾರ ನಾರಿಲ್ಲದ ಊಟ ಕೊಡಿ’ ಎಂದು ಒಂದು ಮಾತು ಹೇಳಿರುತ್ತಾರೆ. ಬಸ್ಸಿಳಿದು ಮನೆಗೆ ಬಂದು ಡಬ್ಬ ತೆರೆದರೆ ರಾಗಿ, ಜೋಳ, ಹುರುಳಿ, ಅವರೆ, ಅಲಸಂದೆ. ಹಿತ್ತಿಲಲ್ಲಿ ನುಗ್ಗೆ, ಸೊಪ್ಪು. ಎಲ್ಲವೂ ನಾರೇ!

ಆಮೇಲೆ ಆಗುವುದು ಎರಡರಲ್ಲಿ ಒಂದು. ‘ವಸಿ ಹಿಟ್ಟು ಉಣ್ಣು ಮಗ, ಸಕ್ತಿ ಬತ್ತದ’ ಎಂದು ಅವ್ವ ಮುದ್ದೆಯನ್ನೇ ಮುಂದಿಡುತ್ತಾಳೆ. ಇಲ್ಲವೇ ವೈದ್ಯರ ಮಾತಿಗೆ ಹೆದರಿ ಮನೆಯವರು ತಿಳಿಗಂಜಿಯ ಹೊರತು ಬೇರೇನನ್ನೂ ಕೊಡುವುದಿಲ್ಲ. ಮೊದಲನೆಯದರ ಅಪಾಯ ಕೂಡಲೇ ಕಾಣುತ್ತದೆ. ಎರಡನೆಯದು ಮೆಲ್ಲಗೆ ಸವೆಸುತ್ತದೆ, ಅಷ್ಟೆ.

ನಾರು ಎಂದರೆ ಕಾಳುಗಳ ಸಿಪ್ಪೆ, ಸೊಪ್ಪಿನ ಎಳೆ, ತರಕಾರಿಯ ತೊಗಟೆಗಳಲ್ಲಿರುವ ಸೆಲ್ಯುಲೋಸ್ ಮೊದಲಾದ ವಸ್ತುಗಳು. ಸೆಲ್ಯುಲೋಸ್ ಕೂಡ ಪಿಷ್ಟದಂತೆ ಗ್ಲೂಕೋಸಿನ ಸರಪಳಿಯೇ. ಆದರೆ ಕೊಂಡಿ ಬೇರೆ ಬಗೆಯದು. ಆ ಕೊಂಡಿ ಕತ್ತರಿಸುವ ಕಿಣ್ವ ಮನುಷ್ಯನ ಜೀರ್ಣರಸಗಳಲ್ಲಿಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿ ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿವೆ. ಅದಕ್ಕೇ ಅದು ಒಣಹುಲ್ಲು ತಿಂದು ಹಾಲು ಕೊಡುತ್ತದೆ. ನಮ್ಮಲ್ಲಿ ನಾರು ಕರಗದೆ ದೊಡ್ಡ ಕರುಳಿನವರೆಗೂ ಸಾಗಿ, ನೀರು ಹಿಡಿದುಕೊಂಡು ಮಲದ ಗಾತ್ರ ಹೆಚ್ಚಿಸುತ್ತದೆ. ಒಂದಷ್ಟು ಭಾಗ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗಾಳಿಯಾಗುತ್ತದೆ. ಆರೋಗ್ಯವಂತರಿಗೆ ಇದೆಲ್ಲ ಬೇಕು.

ಕರುಳು ಎಲ್ಲಾದರೂ ಕಿರಿದಾಗಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವೆಂದರೆ ಅದಕ್ಕೆ ಅಚ್ಚುಮೆಚ್ಚು. ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದು ದಾರಿ ಸಣ್ಣದಾಗುತ್ತದೆ. ಕ್ರೋನ್ಸ್ ಕಾಯಿಲೆಯಲ್ಲೂ ಹೀಗಾಗಬಹುದು. ಅಂಥ ಕಡೆ ಸೊಪ್ಪಿನ ದಂಟು, ಕಾಳಿನ ಸಿಪ್ಪೆ ಹೋಗಿ ಕೂತರೆ ಕಾಲುವೆಯ ತೂಬಿಗೆ ಕಸ ಕಟ್ಟಿದ ಹಾಗೆ. ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ, ದೊಡ್ಡ ಕರುಳಿನ ಹುಣ್ಣು ಉಲ್ಬಣಿಸಿದಾಗ, ಕರುಳಿನೊಳಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಮುಂಚಿನ ಒಂದೆರಡು ದಿನ ಕೂಡ ಈ ಪಥ್ಯ ಹೇಳುತ್ತಾರೆ. ಹೊಟ್ಟೆ ಕೆಟ್ಟು ಎರಡು ದಿನ ಭೇದಿಯಾದ ಮಾತ್ರಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ಓಆರ್‌ಎಸ್ ದ್ರಾವಣ, ಮೆತ್ತಗಿನ ಊಟ ಸಾಕು.

ಕಡಿಮೆ ನಾರು ಎಂದರೆ ಎಷ್ಟು? ಸಾಮಾನ್ಯವಾಗಿ ದಿನಕ್ಕೆ 10 ಗ್ರಾಮಿನೊಳಗೆ ಎಂದು ಹಿಡಿಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಅಂದರೆ 100 ಗ್ರಾಂ ಹಿಟ್ಟಿನ ಒಂದೇ ಮುದ್ದೆಯಲ್ಲಿ ರೋಗಿಯ ಇಡೀ ದಿನದ ಮಿತಿ ಮೀರಿತು; ಸಾರಿನ ಲೆಕ್ಕ ಇನ್ನೂ ಬಂದಿಲ್ಲ. ಅದೇ ಕಾಲು ಕಿಲೋ ಅಕ್ಕಿ ಬೇಯಿಸಿ ದಿನವಿಡೀ ಉಂಡರೂ 7 ಗ್ರಾಂ. ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ಬೈಸಿಕೊಳ್ಳುವ ಬಿಳಿ ಅಕ್ಕಿ ಇಲ್ಲಿ ಆಪದ್ಬಂಧು. ಈ ಕಡೆಯ ಹಳಬರು ಅನ್ನವನ್ನು ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ ಎಂದು ಎತ್ತಿಡುತ್ತಿದ್ದರು. ಕೊನೆಯದರಲ್ಲಿ ವಿಜ್ಞಾನವಿತ್ತು.

ರಾಗಿಯನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಮಗು ಸಾಕಿದ ಪ್ರತಿ ತಾಯಿಗೂ ಉಪಾಯ ಗೊತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ತೆಳುವಾದ ಹಳೆಯ ಪಂಚೆಯಲ್ಲಿ ಹಿಂಡಿದರೆ ಹಾಲು ಇಳಿಯುತ್ತದೆ. ಬಟ್ಟೆಯಲ್ಲಿ ಉಳಿಯುವ ಕಂದು ಚರಟವೇ ಸಿಪ್ಪೆ, ಬಹುಪಾಲು ನಾರು. ಇಳಿದ ಹಾಲಿನಲ್ಲಿರುವುದು ಹೆಚ್ಚಾಗಿ ಪಿಷ್ಟ. ಶಾಲೆಯ ಪ್ರಯೋಗಾಲಯದಲ್ಲಿ ಮಾಡಿ ತೋರಿಸಬೇಕಾದ ಬೇರ್ಪಡಿಕೆ ಇದು! ಆ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಬೆಲ್ಲ ಹಾಕಿದರೆ ಹಾಲುಬಾಯಿ. ಉಪ್ಪು ಮಜ್ಜಿಗೆ ಬೆರೆಸಿದರೆ ನಯವಾದ ಗಂಜಿ. ಮೊಳಕೆ ಕಟ್ಟಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹುರಿದು ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು ಇನ್ನೂ ಮೇಲು. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ತುಂಡರಿಸುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಸೋಸಿದಾಗ ಸಿಪ್ಪೆಯೊಂದಿಗೆ ಒಂದಿಷ್ಟು ಕ್ಯಾಲ್ಸಿಯಂ ಹೋಗುತ್ತದೆ. ಅದನ್ನು ಮೊಸರು ತುಂಬಿಕೊಡಬೇಕು.

ದಿನದ ಊಟ ಹೀಗಿರಬಹುದು. ಬೆಳಿಗ್ಗೆ ಎರಡು ಇಡ್ಲಿ, ಮೇಲೆ ಒಂದು ಚಮಚ ತುಪ್ಪ. ಚಟ್ನಿ ಬೇಡ, ತೆಂಗಿನ ತುರಿಯೂ ನಾರೇ. ಇಡ್ಲಿಯ ಬದಲು ಶ್ಯಾವಿಗೆ, ತರಕಾರಿ ಕಾಳು ಹಾಕದ ತೆಳು ಉಪ್ಪಿಟ್ಟು ಆಗಬಹುದು. ಹತ್ತು ಗಂಟೆಗೆ ಒಂದು ಲೋಟ ಸೋಸಿದ ರಾಗಿಗಂಜಿ. ಮಧ್ಯಾಹ್ನ ಒಂದಕ್ಕೆ ನಾಲ್ಕು ನೀರಿಟ್ಟು ಮೆತ್ತಗೆ ಬೇಯಿಸಿದ ಅನ್ನ, ತೊಗರಿಬೇಳೆ ಬೇಯಿಸಿ ಬಸಿದ ಕಟ್ಟಿನ ತಿಳಿಸಾರು, ಒಂದು ಬೇಯಿಸಿದ ಮೊಟ್ಟೆ. ಪಲ್ಯ ಬೇಕೇಬೇಕೆಂದರೆ ಸಿಪ್ಪೆ, ಬೀಜ, ತಿರುಳು ತೆಗೆದ ಸೋರೆಕಾಯಿ, ಬೂದುಗುಂಬಳ, ಇಲ್ಲವೇ ಸಿಪ್ಪೆ ತೆಗೆದ ಆಲೂಗೆಡ್ಡೆ, ಬೆರಳಲ್ಲಿ ಒತ್ತಿದರೆ ಕರಗುವಷ್ಟು ಬೆಂದದ್ದು, ಎರಡು ಚಮಚ. ಸಂಜೆ ಚೆನ್ನಾಗಿ ಮಾಗಿದ ಒಂದು ಏಲಕ್ಕಿ ಬಾಳೆಹಣ್ಣು. ರಾತ್ರಿ ಕಿವುಚಿದ ಮೊಸರನ್ನ. ಒಗ್ಗರಣೆಯ ಸಾಸಿವೆ, ಕರಿಬೇವು, ಮೆಣಸಿನಕಾಯಿ ಬೇಡ, ಚಿಟಿಕೆ ಇಂಗು ಸಾಕು. ಮಾಂಸ ತಿನ್ನುವ ಮನೆಯಾದರೆ ಮಸಾಲೆ ಕಡಿಮೆ ಹಾಕಿ ಮೆತ್ತಗೆ ಬೇಯಿಸಿದ ಕೋಳಿಯ ತುಂಡು, ಮುಳ್ಳು ಬಿಡಿಸಿದ ಮೀನು ಧಾರಾಳವಾಗಿ ಕೊಡಬಹುದು. ಮಾಂಸ, ಮೀನು, ಮೊಟ್ಟೆಗಳಲ್ಲಿ ನಾರು ಇಲ್ಲವೇ ಇಲ್ಲ. ಮೂರು ದೊಡ್ಡ ಊಟಕ್ಕಿಂತ ಆರು ಸಣ್ಣ ಊಟ ವಾಸಿ.

ಮೊಸರು ದಿನಕ್ಕೆ ಅರ್ಧ ಲೀಟರು ಹೋದರೂ ಸಂತೋಷವೇ. ಕೆಲವರಿಗೆ ಕರುಳಿನ ಕಾಯಿಲೆಯಲ್ಲಿ ಹಾಲಿನ ಲ್ಯಾಕ್ಟೋಸ್ ಸಕ್ಕರೆ ಕೆಲಕಾಲ ಅರಗುವುದಿಲ್ಲ. ಹೆಪ್ಪು ಹಾಕಿದಾಗ ಅದರಲ್ಲೊಂದಿಷ್ಟು ಬ್ಯಾಕ್ಟೀರಿಯಾಗಳ ಪಾಲಾಗುವುದರಿಂದ ಮೊಸರು ಒಗ್ಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಗಂಜಿ ಅನ್ನದ ಪಥ್ಯಕ್ಕೆ ಮುಂಚೆ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಮೋಸ ಹೋಗುವ ಜಾಗಗಳು. ಹಿತಕಿದ ಅವರೆಬೇಳೆಗೆ ಸಿಪ್ಪೆಯೇ ಇಲ್ಲವಲ್ಲ ಎಂದು ವಾದಿಸುವವರುಂಟು. ಸಿಪ್ಪೆ ಹೋದರೂ ಬೇಳೆಯೊಳಗೆ ನಾರಿದೆ, ಜೊತೆಗೆ ಗಾಳಿ ಎಬ್ಬಿಸುವ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳಿವೆ. ಹುರುಳಿ ಕಟ್ಟಿನ ಸಾರೂ ಹಾಗೆಯೇ. ಕಾಳು ಸೋಸಿದರೆ ನಾರು ಹೋಯಿತು ನಿಜ, ಆದರೆ ಈ ಸಕ್ಕರೆಗಳು ನೀರಿನಲ್ಲಿ ಕರಗುವಂಥವು, ಕಟ್ಟಿನಲ್ಲೇ ಇಳಿದಿರುತ್ತವೆ. ತೊಗರಿ ಕಟ್ಟಿನಲ್ಲೂ ಕೊಂಚ ಇದ್ದೇ ಇರುತ್ತವೆ. ಅದಕ್ಕೇ ಅದು ತೆಳುವಾಗಿ, ಒಂದು ಸೌಟಿನಷ್ಟು ಮಾತ್ರ. ಸೀಬೆ, ದಾಳಿಂಬೆ, ಕಡಲೆಕಾಯಿ, ಮುಸುಕಿನ ಜೋಳ, ನುಗ್ಗೆಕಾಯಿ ಹತ್ತಿರ ಸುಳಿಯಬಾರದು. ಎಳನೀರು ಕುಡಿಯಲಿ, ಗಂಜಿ ತಿನ್ನುವುದು ಬೇಡ. ಭೇದಿಯೂ ಇದ್ದರೆ ಎಳನೀರು ಓಆರ್‌ಎಸ್‌ಗೆ ಬದಲಿಯಲ್ಲ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಮೋಸ ತಿಳಿಗಂಜಿಯದು. ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸುಮಾರು 175 ಕಿಲೋಕ್ಯಾಲೊರಿ. ಮೂರು ಹೊತ್ತು ಕುಡಿದರೂ ಐನೂರ ಚಿಲ್ಲರೆ. ಹಾಸಿಗೆ ಹಿಡಿದವರಿಗೂ ಅದರ ಮೂರರಷ್ಟು ಬೇಕು. ಸಬ್ಬಕ್ಕಿ, ಆರಾರೂಟು ಬರಿಯ ಪಿಷ್ಟ. ಪ್ರೋಟೀನು ಇಲ್ಲವೆಂದೇ ಹೇಳಬೇಕು. ಹದಿನೈದು ದಿನ ಇದರಲ್ಲೇ ಕಳೆದರೆ ದೇಹ ತನ್ನ ಸ್ನಾಯುಗಳನ್ನೇ ತಿನ್ನತೊಡಗುತ್ತದೆ, ಗಾಯ ಮಾಯುವುದಿಲ್ಲ. ಕ್ಷಯ ರೋಗಿ ಮೊದಲೇ ಸೊರಗಿರುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರು ಜ್ವರದವರನ್ನು ಉಪವಾಸ ಕೆಡವುತ್ತಿದ್ದಾಗ ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ (1796–1853) ಆ ಪದ್ಧತಿಗೆ ಎದುರು ನಿಂತರು. ಜ್ವರದವರಿಗೆ ಉಣಬಡಿಸಿದವನು ಎಂದು ತಮ್ಮ ಸಮಾಧಿಯ ಮೇಲೆ ಬರೆಸಿದರೆ ಸಾಕು ಎನ್ನುತ್ತಿದ್ದರಂತೆ. ಪಥ್ಯವೆಂದರೆ ಲಂಘನ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಹೊಟ್ಟೆ ಉಬ್ಬಿ, ಮೇಲಿಂದ ಮೇಲೆ ವಾಂತಿಯಾಗಿ, ಗಾಳಿಯೂ ಹೊರಹೋಗದಿದ್ದರೆ ಅದು ಕರುಳು ಕಟ್ಟಿದ ಲಕ್ಷಣ. ಕಷಾಯ, ಹರಳೆಣ್ಣೆ ಎಂದು ಹೊತ್ತು ಕಳೆಯದೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಕ್ಷಯದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ; ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಊಟ ಸೇರತೊಡಗಿತೆಂದು ಅದನ್ನು ನಡುವೆ ಬಿಡುವಂತಿಲ್ಲ.

ಹಾಗೆಯೇ ಈ ಪಥ್ಯ ವಾರಗಳ ಮಾತು, ವರ್ಷಗಳದ್ದಲ್ಲ. ಉಗಾಂಡದಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ನಾರಿನ ಪರವಾಗಿ ಜಗತ್ತಿಗೆಲ್ಲ ಸಾರಿದ ಮಾತನ್ನು ಹಿಟ್ಟು ಸೊಪ್ಪು ಉಣ್ಣುವವರು ಮೊದಲೇ ಪಾಲಿಸುತ್ತಿದ್ದರು. ವೈದ್ಯರು ಒಪ್ಪಿದ ಮೇಲೆ ಮೊದಲು ಸೋಸದ ರಾಗಿಯ ತೆಳು ಅಂಬಲಿ, ಮೂರು ದಿನ ಸರಿಹೋದರೆ ಅನ್ನದ ನಡುವೆ ನಿಂಬೆಗಾತ್ರದ ಹಿಟ್ಟು, ಆಮೇಲೆ ನುಣ್ಣಗೆ ಮಸೆದ ಎಳೆಸೊಪ್ಪು. ಒಂದು ಹೊಸದು ಒಗ್ಗಿದ ಮೇಲೆ ಇನ್ನೊಂದು. ಹುರುಳಿ, ಅವರೆ, ಅಲಸಂದೆಯ ಸರದಿ ಎಲ್ಲಕ್ಕೂ ಕೊನೆಗೆ.